ಓಟು ಕೇಳಲು ಬಂದ ಅಬುವೆಲಾ

ಅವರ ಕೊರಳಲ್ಲಿ ಯಾವಾಗಲೂ ಎರಡು ಕನ್ನಡಕ ನೇತಾಡುತ್ತಿದ್ದವು. ಮೂರನೆಯದು ತಲೆಯ ಮೇಲೆ ಬಿಳಿ ಕೂದಲಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಒಂದು ಓದಲಿಕ್ಕೆ, ಒಂದು ದೂರದ್ದು ನೋಡಲಿಕ್ಕೆ, ಇನ್ನೊಂದು ಬಿಸಿಲಿಗೆ. ಬೇಕಾದ ಕನ್ನಡಕ ಬೇಕಾದ ಹೊತ್ತಿಗೆ ಅವರ ಕೈಗೆ ಸಿಕ್ಕಿದ್ದನ್ನು ಮಾತ್ರ ನಾನು ಕಂಡಿಲ್ಲ. ಎಡಗೈಯಲ್ಲೊಂದು ಮಡಚುವ ಸ್ಟೂಲು. ಮಂಡಿ ನೋವಿನವರು, ದುಬೈಯಲ್ಲಿ ಇಷ್ಟು ದೊಡ್ಡ ದೊಡ್ಡ ಟವರು ಕಟ್ಟಿದವರಿಗೆ ಲಿಫ್ಟಿನ ಎದುರು ಒಂದು ಬೆಂಚು ಇಡಬೇಕೆಂದು ಹೊಳೆಯಲಿಲ್ಲವಲ್ಲ ಎಂದು ಅವರ ದೂರು. ನಿಲ್ಲಬೇಕಾದಲ್ಲೆಲ್ಲ ಸ್ಟೂಲನ್ನು ಟಕ್ಕೆಂದು ಬಿಡಿಸಿ ಕೂತುಬಿಡುತ್ತಿದ್ದರು. ಹೋಗುವವರು ಬರುವವರು ಸುತ್ತು ಹಾಕಿಕೊಂಡು ಹೋಗಬೇಕಿತ್ತು.

ಜುಮೇರಾ ಲೇಕ್ ಟವರ್ಸ್‌ನ ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರನ್ನು ಅಬುವೆಲಾ ಎಂದೇ ಕರೆಯುತ್ತಿದ್ದರು. ಸ್ಪ್ಯಾನಿಷಿನಲ್ಲಿ ಅಜ್ಜಿ ಎಂದರ್ಥ. ಟೆಕ್ಸಾಸಿನಲ್ಲಿ ಶಾಲೆ ಟೀಚರಾಗಿ ರಿಟೈರಾದವರು, ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದವರು. ಮಗಳ ಹೆರಿಗೆಗೆಂದು ದುಬೈಗೆ ಬಂದು, ಮಗು ಹುಟ್ಟಿದ ಮೇಲೂ ಹೊರಡುವ ಮನಸ್ಸಾಗದೆ ಉಳಿದುಬಿಟ್ಟಿದ್ದರು. ನನಗೂ ಅವರಿಗೂ ಪರಿಚಯವಾದದ್ದು ಒಂದು ತಪ್ಪಿನಿಂದ. ಆ ತಪ್ಪು ಆಗುವುದಿದ್ದರೆ ನಮ್ಮ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನರ ಮನೆಬಾಗಿಲಿನಲ್ಲೇ ಆಗಬೇಕು.

ಅವತ್ತು ಶುಕ್ರವಾರ. ಆಗ ಇಲ್ಲಿ ಶುಕ್ರವಾರವೇ ನಮ್ಮ ಭಾನುವಾರ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳಗ್ಗಿನ ಕೊಂಕಣಿ ಪೂಜೆ ಮುಗಿಸಿ ಬಂದು ನಾನು ಬಂಗುಡೆ ಹುರಿಯುತ್ತಿದ್ದೆ. ಕಾಲಿಂಗ್ ಬೆಲ್ ಆಯಿತು. ಬಾಗಿಲು ತೆರೆದ ಮಗಳು ಅಲ್ಲಿಂದಲೇ ಕೂಗಿದಳು, "ಮಮ್ಮಾ, ಎ ಗ್ರ್ಯಾನಿ ಈಸ್ ಸಿಟ್ಟಿಂಗ್ ಔಟ್‌ಸೈಡ್." ಹೋಗಿ ನೋಡಿದರೆ ನಿಜಕ್ಕೂ ಅಜ್ಜಿಯೊಬ್ಬರು ಕಾರಿಡಾರಿನಲ್ಲಿ ಸ್ಟೂಲು ಹಾಕಿ ಕೂತಿದ್ದಾರೆ. ನನ್ನನ್ನು ಕಂಡದ್ದೇ ಎದ್ದು ನಿಂತು, "ರೊಡ್ರಿಗಸ್?" ಎಂದರು. ಹೌದು ಎಂದೆ. ತಕ್ಷಣ ಸ್ಪ್ಯಾನಿಷಿನಲ್ಲಿ ಒಂದು ವಾಕ್ಯ ಹೇಳಿದರು, ನಗುತ್ತ, ಪಾಠ ಒಪ್ಪಿಸಿದ ಹಾಗೆ. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆಮೇಲೆ ಆ ವಾಕ್ಯ ನನಗೆ ಬಾಯಿಪಾಠವಾಯಿತು: "ನಮಸ್ಕಾರ, ಈ ಮನೆಯಲ್ಲಿ ಓಟು ಇರುವವರು ಯಾರಾದರೂ ಇದ್ದಾರೆಯೇ?"

ಆದದ್ದು ಇಷ್ಟೇ. ಆ ವರ್ಷ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ. ಅಲ್ಲಿ ಸ್ಪ್ಯಾನಿಷ್ ಮೂಲದವರನ್ನೆಲ್ಲ ಒಟ್ಟು ಸೇರಿಸಿ ಹಿಸ್ಪ್ಯಾನಿಕ್ ಎನ್ನುತ್ತಾರೆ. ಪರದೇಶದಲ್ಲಿರುವ ಅಂಥ ಓಟುದಾರರನ್ನು ಹುಡುಕಿ ಮಾತನಾಡಿಸುವ ಕೆಲಸವನ್ನು ಅವರ ಪಕ್ಷದವರು ಇವರಿಗೆ ವಹಿಸಿದ್ದರು. ಇವರು ನೇರ ಕೆಳಗಿನ ಗ್ರೋಸರಿಗೆ ಹೋಗಿ, ಸ್ಪ್ಯಾನಿಷ್ ಹೆಸರಿನವರು ಇಲ್ಲಿ ಯಾರಿದ್ದಾರೆ ಎಂದು ಕೇಳಿದ್ದಾರೆ. ಗ್ರೋಸರಿಯವರು ಉಪ್ಪಿನಂಗಡಿ ಕಡೆಯ ಬ್ಯಾರಿ ಕಾಕ. ಮೊಟ್ಟೆ, ಬ್ರೆಡ್ಡು ಮನೆಮನೆಗೆ ಕಳಿಸುವವರಿಗೆ ಹೆಸರು ಗೊತ್ತಿರದೆ ಇರುತ್ತದೆಯೇ? ಸಂಜೆ ನಾನು ಹೋಗಿ ಜಗಳ ತೆಗೆದರೆ ಕಾಕ ತಣ್ಣಗೆ ಹೇಳಿದರು, "ನಾನೆಂತ ಮಾಡುದು ಬಾಯಮ್ಮ? ರೊಡ್ರಿಗಸ್ ಉಂಟು, ಪಿಂಟೋ ಉಂಟು, ಮೇಲೆ ಫೆರ್ನಾಂಡಿಸ್ ಉಂಟು ಅಂತ ಹೇಳಿದೆ. ಹೆಸರು ಕೇಳಿದ್ರೆ ಅವರವರೇ ಅಲ್ವಾ?"

ಪೋರ್ಚುಗೀಸರು ನಮ್ಮ ಅಜ್ಜಂದಿರಿಗೆ ಕೊಟ್ಟುಹೋದ ಹೆಸರು ಅಮೆರಿಕದ ಚುನಾವಣೆಯನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿತ್ತು. ನಮಗೆ ಅಲ್ಲಿ ಓಟಿಲ್ಲ, ನಾವು ಇಂಡಿಯಾದವರು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿ ಮತ್ತೆ ಸ್ಟೂಲಿನಲ್ಲಿ ಕೂತವರು ಅದರಿಂದ ಬೀಳುವುದೊಂದು ಬಾಕಿ. ಹಿಂದಿನ ದಿನ ಇಡೀ ಎರಡು ಮಹಡಿ ಗೋವಾದವರ, ಫಿಲಿಪ್ಪೀನ್ಸಿನವರ ಬಾಗಿಲು ಬಡಿದಿದ್ದರಂತೆ. ಯಾರೂ ಸ್ಪ್ಯಾನಿಷಿನಲ್ಲಿ ಉತ್ತರಿಸಲಿಲ್ಲವಲ್ಲ, ನನ್ನ ಭಾಷೆಯೇ ಹಾಳಾಗಿದೆ ಎಂದುಕೊಂಡಿದ್ದರಂತೆ. ಒಳಗೆ ಬಂದು ಬಂಗುಡೆ ತಿಂದರು, ಮುಳ್ಳು ಬಿಡಿಸುವುದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಹೊರಡುವಾಗ ನನ್ನನ್ನು "ಮಿಹಾ" ಎಂದು ಕರೆದರು. ಮಗಳೇ ಎಂದರ್ಥ. ಅಲ್ಲಿಗೆ ನಮ್ಮ ಸಂಬಂಧ ಗಟ್ಟಿಯಾಯಿತು.

ನನ್ನ ಗಂಡನಿಗೆ ಮಾತ್ರ ಹೆದರಿಕೆ. "ನಮ್ಮದು ವೀಸಾದ ಬದುಕು ಮಾರಾಯ್ತಿ. ಇಲ್ಲಿ ರಾಜಕೀಯ ಗೀಜಕೀಯ ಅಂತ ಹೋದ್ರೆ ಖಲಾಸ್, ಬ್ಯಾಗು ಕಟ್ಟಿ ಮಂಗಳೂರು." ಅಬುವೆಲಾಗೂ ಅದು ತಿಳಿದಿತ್ತು. ಸಭೆ ಇಲ್ಲ, ಪೋಸ್ಟರಿಲ್ಲ, ಘೋಷಣೆಯಿಲ್ಲ. ಗುರುತಿನವರ ಮನೆಗೆ ಹೋಗುವುದು, ಮನೆಗೆ ಕರೆಯುವುದು, ಅಷ್ಟೇ. ಕಾಫಿ ಕುಡಿಯುವುದನ್ನು ಯಾವ ದೇಶವೂ ನಿಷೇಧಿಸಿಲ್ಲ ಎನ್ನುತ್ತಿದ್ದರು.

ಇಗರ್ಜಿಯ ಸ್ಪ್ಯಾನಿಷ್ ಪೂಜೆಯಲ್ಲಿ ಹುಡುಕಿ ಹುಡುಕಿ ಕೊನೆಗೂ ಅಮೆರಿಕದ ಓಟಿರುವ ಕೆಲವರನ್ನು ಹಿಡಿದರು. ಎಲ್ಲರನ್ನೂ ಒಂದು ರಾತ್ರಿ ಊಟಕ್ಕೆ ಕರೆದರು. ಆ ಊಟದಲ್ಲಿ ಮುಖ್ಯ ಅತಿಥಿ ಅವರ ಬೀಗರು. ಮಗಳು ಮದುವೆಯಾದದ್ದು ಕ್ಯೂಬಾ ಮೂಲದ ಹುಡುಗನನ್ನು. ಆ ಹುಡುಗನ ಅಪ್ಪ ವಿಮಾನ ರಿಪೇರಿಯ ಕೆಲಸದಲ್ಲಿ ಅಬುಧಾಬಿಯಲ್ಲಿದ್ದರು, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಕೆಳಗಿನ ಭಾಗದಲ್ಲಿ ಒಬ್ಬರೇ ವಾಸ. ಹೆಂಡತಿ ತೀರಿಕೊಂಡಿದ್ದರು. ಬೀಗ ಬೀಗಿತ್ತಿಯ ನಡುವೆ ಮದುವೆಯ ದಿನದಿಂದಲೇ ಅಷ್ಟಕ್ಕಷ್ಟೆ. ಬಾಳೆಲೆ ಇಲ್ಲದ ಊರಿನಲ್ಲೂ ಬೀಗರ ಮುನಿಸು ಇರುತ್ತದೆ ಎಂದು ನನಗೆ ತಿಳಿದದ್ದು ಆಗಲೇ.

ಅನ್ನ ಮಾಡಿಕೊಡಲು ನಾನು ಹೋಗಿದ್ದೆ. ಅಬುವೆಲಾ ತಮ್ಮ ಅಮ್ಮನಿಂದ ಕಲಿತ ಅಡುಗೆಯನ್ನೆಲ್ಲ ಮಾಡಿದ್ದರು. ಒಣಮೆಣಸು ಹುರಿದು ಅರೆದ ಕೆಂಪು ರಸ, ಅದರಲ್ಲಿ ಮುಳುಗಿದ ಕೋಳಿ, ಜೋಳದ ರೊಟ್ಟಿ. ನನ್ನ ನಾಲಿಗೆಗೆ ಸ್ವರ್ಗ. ಆದರೆ ಪೋರ್ಟೊ ರಿಕೋದ ನರ್ಸೊಬ್ಬಳು ಬರೀ ಅನ್ನ ತಿಂದು ನೀರು ಕುಡಿಯುತ್ತ ಕೂತಳು. ಬೀಗರು ಒಂದು ತುತ್ತು ಬಾಯಿಗಿಟ್ಟು ಫೋರ್ಕು ಕೆಳಗಿಟ್ಟರು. ಅವರ ಕಡೆ ಮೆಣಸು ತಿನ್ನುವುದೇ ಇಲ್ಲವಂತೆ. ಸ್ಪ್ಯಾನಿಷ್ ಮಾತನಾಡುವವರೆಲ್ಲ ಖಾರ ತಿನ್ನುತ್ತಾರೆಂದು ನಾನೂ ತಿಳಿದಿದ್ದೆ, ಅಬುವೆಲಾ ಬಹುಶಃ ಗಮನಿಸಿಯೇ ಇರಲಿಲ್ಲ.

ಅದರ ಮೇಲೆ ಅವರು ಪಕ್ಷದವರು ಕಳಿಸಿದ್ದ ಭಾಷಣವನ್ನು ಓದಿದರು. ಎಲ್ಲರಿಗೂ ಒಂದೇ ಭಾಷಣ. ಗಡಿ ದಾಟಿ ಬಂದವರ ಕಷ್ಟ, ಕಾಗದಪತ್ರವಿಲ್ಲದವರ ಕಷ್ಟ, ನಮ್ಮೆಲ್ಲರ ಒಂದೇ ಕನಸು, ಹೀಗೆ. ನರ್ಸು ಮೆಲ್ಲಗೆ ಹೇಳಿದಳು, ಪೋರ್ಟೊ ರಿಕೋದವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು, ಗಡಿಯ ಮಾತು ನಮಗೇಕೆ ಎಂದು. ಬೀಗರು ಮೆಲ್ಲಗೆ ಹೇಳುವವರಲ್ಲ. ಎದ್ದು ನಿಂತು, "ನೀವು ನಮ್ಮನ್ನೆಲ್ಲ ಮೆಕ್ಸಿಕೋದವರೆಂದೇ ತಿಳಿದಿದ್ದೀರಿ. ನಿಮ್ಮ ಪಕ್ಷವೂ ಹಾಗೇ ತಿಳಿದಿದೆ," ಎಂದರು. ಬಾಗಿಲಲ್ಲಿ ನಿಂತು ಮಗನಿಗೆ ಇನ್ನೊಂದು ಮಾತು ಹೇಳಿದರು. ಮುಂದಿನ ತಿಂಗಳ ಕೊನೆಗೆ ಮಗುವಿನ ದೀಕ್ಷಾಸ್ನಾನವಿತ್ತಲ್ಲ, ಅದಕ್ಕೆ ತಾನು ಬರುವುದಿಲ್ಲ ಎಂದು. ಮಗುವನ್ನು ಎತ್ತಿಕೊಂಡು ನಿಲ್ಲಬೇಕಾದವರೇ ಅವರು.

ಎಲ್ಲರೂ ಹೋದ ಮೇಲೆ ಅಬುವೆಲಾ ಅಡುಗೆಮನೆಯಲ್ಲಿ ಸ್ಟೂಲು ಹಾಕಿ ಕೂತು ಅತ್ತರು. ಓಟು ಹೋದರೆ ಹೋಗಲಿ, ಮೊಮ್ಮಗನಿಗೆ ಅಜ್ಜನನ್ನು ಇಲ್ಲದ ಹಾಗೆ ಮಾಡಿದೆನಲ್ಲ ಎಂದರು. ಸಮಾಧಾನಕ್ಕೆಂದು ನಾನು ನಮ್ಮ ಕನ್ನಡ ಸಂಘದ ಕಥೆ ಹೇಳಿದೆ. ರಾಜ್ಯೋತ್ಸವದ ಊಟಕ್ಕೆ ಗೋಳಿಬಜೆ ಮಾಡಿದರೆ ಹುಬ್ಬಳ್ಳಿಯವರಿಗೆ ಸಿಟ್ಟು, ಜೋಳದ ರೊಟ್ಟಿ ಮಾಡಿದರೆ ಮೈಸೂರಿನವರ ಮೂಗು ಮುರಿತ, ಬಿಸಿಬೇಳೆಬಾತ್ ಮಾಡಿದರೆ ನಾವು ಕರಾವಳಿಯವರು ಇದೆಂತ ಕಲಸಿದ ಅನ್ನ ಎನ್ನುತ್ತೇವೆ. ನಾನು ಮನೆಯಲ್ಲಿ ಕೊಂಕಣಿ, ಕಾಕ ಬ್ಯಾರಿ ಭಾಷೆ, ಪಕ್ಕದ ಮನೆಯವರು ತುಳು. ಹೊರಗಿನವರಿಗೆ ನಾವೆಲ್ಲ ಬರೀ ಕರ್ನಾಟಕದವರು. ಅಬುವೆಲಾ ಮೂಗು ಒರೆಸಿಕೊಂಡು, ಹಾಗಾದರೆ ನಿಮ್ಮಲ್ಲಿ ಓಟು ಹೇಗೆ ಕೇಳುತ್ತಾರೆ ಎಂದರು.

ಆಗ ನಾನು ನನ್ನ ಅಪ್ಪನ ವಿಷಯ ಹೇಳಿದೆ. ಅಪ್ಪ ನಮ್ಮೂರಿನ ಪಂಚಾಯತಿಗೆ ನಿಂತಿದ್ದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಅಪ್ಪನ ರಾಜಕೀಯವೆಲ್ಲ ಆ ಬೆಲ್ಲದಲ್ಲಿತ್ತು. "ಓಟು ಕೇಳ್ಲಿಕ್ಕೆ ಹೋದಲ್ಲಿ ಓಟಿನ ಮಾತು ತೆಗೀಬೇಡ. ಬೆಲ್ಲದ ತುಂಡು ನೋಡು. ದೊಡ್ಡದಿದ್ರೆ ಆ ಮನೆ ನಿನ್ನದು. ಸಣ್ಣದಿದ್ರೆ ಇನ್ನೊಮ್ಮೆ ಹೋಗು. ಬರೀ ನೀರು ಕೊಟ್ರೆ ಕುಡಿದು, ಅವರ ದನದ ವಿಷಯ ಮಾತಾಡಿ ಬಾ." ಕರೆದು ಬಡಿಸುವವನು ದೊಡ್ಡವನಾಗುತ್ತಾನೆ, ಹೋಗಿ ಉಣ್ಣುವವನು ಹತ್ತಿರದವನಾಗುತ್ತಾನೆ ಎಂದು ಅಪ್ಪನ ಲೆಕ್ಕ.

ಅಬುವೆಲಾ ಎರಡು ಕನ್ನಡಕ ಬದಲಿಸಿ ನನ್ನನ್ನು ನೋಡಿದರು. ಭಾಷಣದ ಹಾಳೆಯನ್ನು ಒಲೆ ಒರೆಸಲು ತೆಗೆದುಕೊಂಡರು. ನಾಳೆಯಿಂದ ನಾನು ಉಣ್ಣಲು ಹೋಗುತ್ತೇನೆ, ಕಾರು ನೀನು ಓಡಿಸಬೇಕು ಎಂದರು.

ಹೀಗೆ ನಾನು, ಅಮೆರಿಕದ ಮುಖ ಕೂಡ ನೋಡದವಳು, ಅಮೆರಿಕದ ಚುನಾವಣೆಯ ಡ್ರೈವರಾದೆ. ನರ್ಸಿನ ಮನೆಗೆ ಹೋಗಿ ಕಾಳು ಹಾಕಿದ ಅನ್ನ ಉಂಡು, ಅವಳ ಅಮ್ಮನೊಂದಿಗೆ ವಿಡಿಯೋದಲ್ಲಿ ಮಾತಾಡಿ ಬಂದೆವು. ಆ ದ್ವೀಪದಲ್ಲೇ ಇದ್ದುಬಿಟ್ಟವರಿಗೆ ಅಧ್ಯಕ್ಷರನ್ನು ಆರಿಸುವ ಓಟಿಲ್ಲವಂತೆ. ಇವಳು ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ್ದಕ್ಕೆ ಇವಳಿಗೆ ಸಿಕ್ಕಿದೆ, ಅಮ್ಮನಿಗೆ ಇಲ್ಲ. ಆ ಮಾತು ಯಾವ ಭಾಷಣದಲ್ಲೂ ಇರಲಿಲ್ಲ, ಊಟದ ಮೇಜಿನ ಮೇಲೆ ತಾನಾಗಿ ಬಂತು. ಮರುವಾರ ಅವಳೇ ಫೋನು ಮಾಡಿ ತನ್ನ ಓಟಿನ ಅರ್ಜಿ ಹಾಕಿದೆನೆಂದಳು.

ಉಳಿದದ್ದು ಬೀಗರ ಮನೆ. ಮೊದಲ ಶುಕ್ರವಾರ ಶೇಖ್ ಜಾಯೆದ್ ರಸ್ತೆ ಹಿಡಿದು, ದಾರಿಯ ಪೆಟ್ರೋಲ್ ಪಂಪಿನಲ್ಲಿ ಕರಕ್ ಚಹಾ ಕುಡಿದು ಅಬುಧಾಬಿ ಸೇರಿದೆವು. ಬೀಗರು ಗೇಟಿನವರೆಗೆ ಬಂದರು, ಗೇಟು ತೆಗೆಯಲಿಲ್ಲ. ನೀರೂ ಇಲ್ಲ. ಅಬುವೆಲಾ ಗೇಟಿನ ಹೊರಗೆ ನೆರಳು ನೋಡಿ ಸ್ಟೂಲು ಬಿಡಿಸಿ ಕೂತರು. ಬೀಗರ ಬಳಿ ಒಂದು ಹಳೆಯ ಕಾರಿತ್ತು, ರಾಸ್ ಅಲ್ ಖೋರ್‌ನ ಗ್ಯಾರೇಜುಗಳಲ್ಲಿ ಬಿಡಿಭಾಗ ಹುಡುಕಿ ತಂದು ತಾವೇ ಕಟ್ಟುತ್ತಿದ್ದರು. ನನ್ನ ಅಪ್ಪ ಹೇಳಿದ ದನದ ಮಾತು ನೆನಪಿಟ್ಟು ಅಬುವೆಲಾ ಅದರ ವಿಷಯ ಕೇಳಿದರು. ಕಾರಿನ ವಿಷಯದಲ್ಲಿ ತನಗೆ ಬ್ರೇಕು ಯಾವುದು ಕ್ಲಚ್ಚು ಯಾವುದು ತಿಳಿಯದು ಎಂದು ಆಮೇಲೆ ನನ್ನಲ್ಲಿ ಹೇಳಿದರು. ಬೀಗರು ಗೇಟಿನ ಒಳಗಿನಿಂದಲೇ ಒಂದಿಷ್ಟು ಹೊತ್ತು ಎಂಜಿನ್ನಿನ ಪಾಠ ಮಾಡಿದರು. ನಾವು ವಾಪಸಾದೆವು.

ಎರಡನೆಯ ಶುಕ್ರವಾರ ಗೇಟು ತೆರೆಯಿತು. ಅಂಗಳದಲ್ಲಿ ನೀರಿನ ಬಾಟಲಿ ಕೈಗೆ ಬಂತು. ಬರೀ ನೀರು ಮಿಹಾ, ಎಂದು ಅಬುವೆಲಾ ನನ್ನ ಕಿವಿಯಲ್ಲಿ ಹೇಳಿದರು. ನಾನು ನಗು ತಡೆಯಲಾರದೆ ಕೆಮ್ಮಿದೆ.

ಮೂರನೆಯ ಶುಕ್ರವಾರ ಒಳಗೆ ಕರೆದರು. ಬೀಗರು ಒಲೆಯ ಮುಂದೆ ನಿಂತು ಕಾಫಿ ಇಳಿಸಿದರು. ಮೊದಲ ಗುಟುಕು ಡಿಕಾಕ್ಷನ್ನನ್ನು ಸಕ್ಕರೆಗೆ ಹಾಕಿ, ಚಮಚದಲ್ಲಿ ಬೀಸಿ ಬೀಸಿ ನೊರೆ ಬರಿಸಿ, ಅದರ ಮೇಲೆ ಉಳಿದ ಕಾಫಿ ಸುರಿದರು. ಬೆರಳುದ್ದದ ಕಾಫಿ ಕಪ್. ಅಬುವೆಲಾ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಮುಖದಲ್ಲಿ ಏನೂ ತೋರಿಸದೆ ನನಗೆ ಹೇಳಿದರು, "ಬೆಲ್ಲ ಬಂತು."

ಅವತ್ತು ಬೀಗರು ಬಹಳ ಮಾತನಾಡಿದರು. ಹುಡುಗನಾಗಿದ್ದಾಗ ಕ್ಯೂಬಾ ಬಿಟ್ಟದ್ದು, ಅಪ್ಪನ ಅಂಗಡಿಯನ್ನು ಸರಕಾರ ಕಿತ್ತುಕೊಂಡದ್ದು, ಆ ಸರಕಾರವನ್ನು ಗಟ್ಟಿಯಾಗಿ ಬೈದ ಪಕ್ಷಕ್ಕೇ ತಮ್ಮ ಓಟು ಎಂದು ನಿರ್ಧರಿಸಿದ್ದು. ಅದು ಅಬುವೆಲಾರ ಎದುರು ಪಕ್ಷ. ನಾನು ಅವರ ಮುಖ ನೋಡಿದೆ. ವಾದ ಮಾಡಲಿಲ್ಲ, ತಲೆಯಾಡಿಸುತ್ತ ಕೇಳಿದರು, ಅಂಗಡಿಯಲ್ಲಿ ಏನೇನು ಮಾರುತ್ತಿದ್ದರು ಎಂದು ವಿಚಾರಿಸಿದರು. ಕೊನೆಗೆ ಬೀಗರೇ ಮುಜುಗರದಿಂದ ಹೇಳಿದರು: ಈ ಸಲ ಮತಪತ್ರ ಇ-ಮೇಲಿನಲ್ಲಿ ಬಂದಿದೆ, ಅದನ್ನು ಪ್ರಿಂಟು ಹಾಕಿ ಹೇಗೆ ಕಳಿಸುವುದೋ ತಿಳಿಯುತ್ತಿಲ್ಲ, ವಿಮಾನ ಬಿಚ್ಚಿ ಜೋಡಿಸುತ್ತೇನೆ, ಇದಾಗುವುದಿಲ್ಲ. ಮಗನನ್ನು ಕೇಳಲು ಸಂಕೋಚ. ಅಬುವೆಲಾ ಮೂರು ಕನ್ನಡಕವನ್ನೂ ಒಂದೊಂದಾಗಿ ಹಾಕಿ ನೋಡಿ ಕಂಪ್ಯೂಟರಿನ ಎದುರು ಕೂತರು. ಪ್ರಿಂಟಾಯಿತು. ಬೀಗರು ಗುರುತು ಹಾಕುವಾಗ ಅಬುವೆಲಾ ನನ್ನ ಕೈಹಿಡಿದು ಅಂಗಳಕ್ಕೆ ಕರೆದುಕೊಂಡು ಬಂದು ಬೆನ್ನು ಹಾಕಿ ನಿಂತರು. ಲಕೋಟೆ ಅಂಟಿಸಿದ ಮೇಲೆ ನಮ್ಮದೇ ಕಾರಿನಲ್ಲಿ ತಂದು ಕೊರಿಯರಿಗೆ ಕೊಟ್ಟೆವು.

ನನಗೆ ತಡೆಯಲಾಗಲಿಲ್ಲ. ವಾಪಸು ಬರುವಾಗ ಕೇಳಿಯೇಬಿಟ್ಟೆ, ಮೂರು ವಾರ ಅಲೆದು ಎದುರು ಪಕ್ಷಕ್ಕೆ ಒಂದು ಓಟು ಹಾಕಿಸಿದಿರಲ್ಲ, ಇದೆಂಥ ಪ್ರಚಾರ ಎಂದು.

ಅದಕ್ಕೆ ಅವರು ತಮ್ಮ ಅಪ್ಪನ ವಿಷಯ ಹೇಳಿದರು. ಟೆಕ್ಸಾಸಿನ ಹೊಲಗಳಲ್ಲಿ ಈರುಳ್ಳಿ ಕೀಳುತ್ತಿದ್ದವರು. ಪ್ರಜೆಯಾದ ವರ್ಷ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಓಟು ಹಾಕಲು ಹೋದರು, ಮಗಳೂ ಜೊತೆಗೆ. ಮೇಜಿನ ಹಿಂದಿದ್ದವನು ಅವರ ಇಂಗ್ಲಿಷು ಕೇಳಿ, ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಎಂದ. ಸಾಲಿನಲ್ಲಿದ್ದವರು ನಕ್ಕರು. ಅಪ್ಪ ತಿರುಗಿ ಮನೆಗೆ ಬಂದರು, ಅಂಗಿ ಬಿಚ್ಚಿ ಮಡಚಿಟ್ಟರು. ಮತ್ತೆಂದೂ ಹೋಗಲಿಲ್ಲ.

"ಆವತ್ತು ಯಾರಾದರೂ ಒಬ್ಬರು ಅಪ್ಪನ ಪಕ್ಕದಲ್ಲಿ ನಿಲ್ಲಬೇಕಿತ್ತು, ಮಿಹಾ," ಎಂದರು. "ಅವರು ಯಾವ ಪಕ್ಷದವರು ಎಂದು ನಾನು ಕೇಳುತ್ತಿರಲಿಲ್ಲ."

ದುಬೈಯ ಸಾಲಿಕ್ ಟೋಲ್ ಗೇಟು ದಾಟುವವರೆಗೂ ನಾನು ರಸ್ತೆ ನೋಡುತ್ತ ಕಾರು ಓಡಿಸಿದೆ. ಕಣ್ಣು ಮಂಜಾಗಿತ್ತು, ಸುಳ್ಳೇಕೆ ಹೇಳಲಿ.

ದೀಕ್ಷಾಸ್ನಾನದ ದಿನ ಇಗರ್ಜಿಯ ಅಂಗಳದಲ್ಲಿ ನಾವೆಲ್ಲ ಕಾಯುತ್ತ ನಿಂತಿದ್ದೆವು. ಪಾದ್ರಿಗಳು ಬಂದರು, ಮಗು ಅಳಲು ಶುರುವಾಯಿತು, ಬೀಗರ ಸುಳಿವಿಲ್ಲ. ಅಬುವೆಲಾ ಸ್ಟೂಲಿನ ಮೇಲೆ ಕೂತು ಗೇಟನ್ನೇ ನೋಡುತ್ತಿದ್ದರು, ದೂರದ ಕನ್ನಡಕ ಬಿಟ್ಟು ಓದುವ ಕನ್ನಡಕ ಹಾಕಿಕೊಂಡು. ಆದ್ದರಿಂದ ಅವರಿಗಿಂತ ಮೊದಲು ಕಂಡದ್ದು ನನಗೆ. ತಾವೇ ಕಟ್ಟಿದ ಹಳೆಯ ಕಾರಿನಲ್ಲಿ ಬೀಗರು ಬಂದಿಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಕೈಯಲ್ಲಿ ಹಿಡಿದ ದೊಡ್ಡ ಪಾತ್ರೆಯಲ್ಲಿ ಕಪ್ಪು ಕಾಳಿನ ಸಾರು. ದಾರಿಯಲ್ಲಿ ಕಾರು ನಿಂತುಬಿಟ್ಟಿತಂತೆ. ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಮಗುವನ್ನು ಎತ್ತಿಕೊಂಡರು. ಮಗು ಅಳು ನಿಲ್ಲಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಇನ್ನೂ ಜೋರಾಗಿ ಅತ್ತಿತು.

ಊಟಕ್ಕೆ ಅಬುವೆಲಾ ಮೆಣಸು ಹಾಕದ ಕೋಳಿ ಮಾಡಿದ್ದರು. ಬೀಗರು ರುಚಿ ನೋಡಿ, ಇದಕ್ಕೆ ಉಪ್ಪಿಲ್ಲ ಖಾರವಿಲ್ಲ, ಆವತ್ತಿನದೇ ವಾಸಿ ಎಂದರು. ಅಬುವೆಲಾ ನನ್ನಿಂದ ಕಲಿತ ಒಂದೇ ಒಂದು ಕನ್ನಡ ವಾಕ್ಯವನ್ನು ಆಗ ಹೇಳಿದರು: "ಎಂತ ಸಾವು ಮಾರಾಯ್ರೆ." ಗ್ರೋಸರಿಯ ಕಾಕನನ್ನೂ ಕರೆದಿದ್ದೆವು, ಅವರು ನಕ್ಕ ನಗುವಿಗೆ ಮಲಗಿದ್ದ ಮಗು ಮತ್ತೆ ಎದ್ದಿತು.

ಆ ಚುನಾವಣೆಯಲ್ಲಿ ಅಬುವೆಲಾರ ಪಕ್ಷ ಗೆದ್ದಿತೋ ಸೋತಿತೋ ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರದು ಯಾವ ಪಕ್ಷವೆಂದು ನಿಮಗೆ ತಿಳಿದುಹೋಗುತ್ತದೆ. ಮುಂದೆ ಪ್ರತಿ ಚುನಾವಣೆಗೂ ಅಕ್ಟೋಬರಿನ ಮೊದಲ ಶುಕ್ರವಾರ ಅಬುವೆಲಾ ಬೀಗರಿಗೆ ಫೋನು ಮಾಡಿ, ನನ್ನ ಬಾಗಿಲಲ್ಲಿ ಹೇಳಿದ ಅದೇ ವಾಕ್ಯ ಹೇಳುತ್ತಿದ್ದರು. ಬೀಗರು ಇದ್ದಾರೆ ಎನ್ನುತ್ತಿದ್ದರು. ನಾವು ಅಬುಧಾಬಿಗೆ ಹೋಗಿ ಕಾಫಿ ಕುಡಿದು, ಎದುರು ಪಕ್ಷದ ಓಟನ್ನು ಕೊರಿಯರಿಗೆ ಹಾಕಿ ಬರುತ್ತಿದ್ದೆವು.

ಕೊನೆಯ ಬೇಸಿಗೆಯಲ್ಲಿ ಅವರು ಟೆಕ್ಸಾಸಿಗೆ ಹೋದರು, ಮಂಡಿ ತೋರಿಸಲು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ಮಗಳು ಮಹಡಿ ಇಳಿದು ಬಂದು ನಮ್ಮ ಬಾಗಿಲಲ್ಲಿ ನಿಂತಾಗ ಅವಳ ಕೈಯಲ್ಲಿ ಆ ಸ್ಟೂಲಿತ್ತು. ವಿಮಾನದಲ್ಲಿ ಬೇಡವೆಂದು ಬಿಟ್ಟುಹೋಗಿದ್ದರಂತೆ. ನಾವಿಬ್ಬರೂ ಅದನ್ನು ಹಿಡಿದುಕೊಂಡು ಅತ್ತೆವು. ಹೋಗುವಾಗ ಅದನ್ನು ನನಗೇ ಬಿಟ್ಟುಹೋದಳು.

ಆ ವರ್ಷವೂ ಅಮೆರಿಕದಲ್ಲಿ ಒಂದು ಚುನಾವಣೆಯಿತ್ತು. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಕಾಲಿಂಗ್ ಬೆಲ್ ಆಯಿತು. ಬೀಗರು. ಅಬುಧಾಬಿಯಿಂದ ಒಬ್ಬರೇ ಬಂದಿದ್ದರು, ಮುದುಕರಾಗಿಬಿಟ್ಟಿದ್ದರು. ನಾನು ನೀರು ಕೊಟ್ಟೆ, ಡಬ್ಬಿಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡ ಬೆಲ್ಲದ ತುಂಡು ಕೊಟ್ಟೆ. ಅದು ಯಾಕೆಂದು ಅವರಿಗೆ ಗೊತ್ತಿತ್ತು, ಅಬುವೆಲಾ ಎಂದೋ ಹೇಳಿದ್ದರು. ಪೂರ್ತಿ ತಿಂದರು.

"ಮೊದಲ ಶುಕ್ರವಾರ ಇಡೀ ದಿನ ಫೋನಿನ ಪಕ್ಕ ಕೂತಿದ್ದೆ," ಎಂದರು. "ಯಾರೂ ಮಾಡಲಿಲ್ಲ. ನನ್ನ ಓಟು ಅವಳಿಗೆ ಒಂದು ಸಲವೂ ಸಿಗಲಿಲ್ಲ, ನಿನಗೆ ಗೊತ್ತಲ್ಲ. ಆದರೂ ಕೇಳುವವರಿಲ್ಲದೆ ಹಾಕಲು ಮನಸ್ಸು ಬರುವುದಿಲ್ಲ."

ನಾನು ಚಹಾ ಮಾಡಿಕೊಟ್ಟೆ. ಅವರು ಹೋದ ಮೇಲೆ ಗಂಡ ಕೇಳಿದರು, "ಅವರಿಗೆ ನಿನ್ನಿಂದ ಎಂತ ಆಗಬೇಕಂತೆ?" ನಾನು ಒಳಗಿಟ್ಟಿದ್ದ ಸ್ಟೂಲು ಹೊರಗೆ ತೆಗೆದು ಧೂಳು ಒರೆಸಿದೆ.

ಮರುದಿನ ಬೆಳಗ್ಗೆ ಸ್ಟೂಲನ್ನು ಬಾಲ್ಕನಿಯಲ್ಲಿ ಬಿಡಿಸಿ ಕೂತು ಅಬುಧಾಬಿಗೆ ಫೋನು ಹಚ್ಚಿದೆ. ರೊಡ್ರಿಗಸ್ ಎಂಬ ಹೆಸರು ಬಿಟ್ಟರೆ ಅಮೆರಿಕದೊಂದಿಗೆ ನನಗೆ ಯಾವ ನೆಂಟಸ್ತಿಕೆಯೂ ಇಲ್ಲ, ಓಟಂತೂ ಇಲ್ಲವೇ ಇಲ್ಲ. ಆದರೂ ಅಬುವೆಲಾರ ವಾಕ್ಯವನ್ನು ಅವರದೇ ಸ್ಪ್ಯಾನಿಷಿನಲ್ಲಿ, ನನ್ನ ಮಂಗಳೂರು ನಾಲಿಗೆಯಲ್ಲಿ, ಪಾಠ ಒಪ್ಪಿಸಿದ ಹಾಗೆ ಹೇಳಿದೆ.

"ನಮಸ್ಕಾರ, ಈ ಮನೆಯಲ್ಲಿ ಓಟು ಇರುವವರು ಯಾರಾದರೂ ಇದ್ದಾರೆಯೇ?"

ಆ ಕಡೆಯಿಂದ ಬೀಗರು ಹೇಳಿದರು, "ಇದ್ದಾರೆ. ಕಾಫಿಗೆ ಬಾ."